ತೊಟ್ಟಿಯ ನೀರಿನ ರುಚಿ

ಕೋಳಿಗೆ ಇಡುವ ನೀರನ್ನು ಮೊದಲು ತಾನೇ ಒಂದು ಗುಟುಕು ಕುಡಿದು ನೋಡುತ್ತಿದ್ದಳು. ಅದಕ್ಕೇ ಬೀದಿಯವರು ಅವಳಿಗೆ ರುಚಿಯಕ್ಕ ಎಂದು ಹೆಸರಿಟ್ಟರು. ಗೇಲಿಗೆ ಹುಟ್ಟಿದ ಹೆಸರು. ಕಳೆದ ತಿಂಗಳು ಅವಳ ಮಣ್ಣಿಗೆ ಬಂದವರ ಬಾಯಲ್ಲಿ ಬೇರೆ ಹೆಸರೇ ಇರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮನೆಯ ಹಿಂದಿನ ಶೆಡ್ಡನ್ನೂ ಅದರ ಇನ್ನೂರು ಮೊಟ್ಟೆಕೋಳಿಗಳನ್ನೂ ಅವಳೂ ಮೈದುನನೂ ಕೂಡಿ ನೋಡಿಕೊಳ್ಳುತ್ತಿದ್ದರು. ಒಂದು ಬೇಸಿಗೆ ಮೊಟ್ಟೆ ಅರ್ಧಕ್ಕರ್ಧ ಇಳಿಯಿತು. ಸಿಪ್ಪೆಯಂತೂ ಬೆರಳು ತಾಗಿದರೆ ಬಿರುಕು ಬಿಡುವಷ್ಟು ತೆಳು. ಮೈದುನ ಮಾಂಸದಂಗಡಿಯವನಿಗೆ ಮಾತು ಕೊಟ್ಟು ಬಂದ: ತಿಂಗಳ ಕೊನೆಯೊಳಗೆ ಸುಧಾರಿಸದಿದ್ದರೆ ಇಡೀ ಹಿಂಡು ಗಾಡಿ ಹತ್ತುತ್ತದೆ.

ರುಚಿಯಕ್ಕ ಸೋಲೊಪ್ಪುವ ಜಾಯಮಾನದವಳಲ್ಲ. ಕೋಳಿಗಳು ನೀರು ಕುಡಿಯುವ ತೊಟ್ಟಿಯಲ್ಲಿ ಲೋಳೆ ಕಟ್ಟುವುದನ್ನು ಕಂಡು, ಲೀಟರಿಗೊಂದು ಸಣ್ಣ ಚಮಚ ವಿನೆಗರ್, ಬಕೆಟ್ಟಿಗೆ ನಾಲ್ಕೆಸಳು ಜಜ್ಜಿದ ಬೆಳ್ಳುಳ್ಳಿ ಹಾಕತೊಡಗಿದಳು. ಮೈದುನ ಮೂಗಿಗೆ ಟವೆಲ್ ಹಿಡಿದು ಬಾಗಿಲಲ್ಲಿ ನಿಂತ.

"ಏನತ್ತಿಗೆ, ಕೋಳಿ ಸಾಕ್ತಿದ್ದೀರೋ, ಉಪ್ಪಿನಕಾಯಿ ಹಾಕ್ತಿದ್ದೀರೋ?"

"ಹಾಕಿದ್ರೆ ಮೊದಲ ತುಂಡು ನಿನಗೇ ಕಣಪ್ಪ."

ಲೋಳೆಯೇನೋ ಹೋಯಿತು. ಆದರೆ ಹತ್ತು ದಿನದಲ್ಲಿ ಕೋಳಿಗಳು ಇನ್ನಷ್ಟು ಮಂಕಾದವು. ನೀರಿಗೆ ಕೊಕ್ಕು ತಾಗಿಸಿ ತಲೆ ಕೊಡವುತ್ತಿದ್ದವು. ದಿನಾ ಬೆಳಿಗ್ಗೆ ಬಕೆಟ್ಟಿನ ನೀರು ಬಾಯಿಗೆ ಹಿತವಾಗಿಯೇ ಇರುತ್ತಿತ್ತು. ಅವಳಿಗೆ ತಲೆಬುಡ ತಿಳಿಯಲಿಲ್ಲ. ಉಳಿದದ್ದು ಹದಿನೈದೇ ದಿನ.

ಒಂದು ಮಧ್ಯಾಹ್ನ, ಬಾಯಾರಿಯೋ ಹಠಕ್ಕೋ, ಅವಳು ನೇರ ತೊಟ್ಟಿಗೇ ಬೊಗಸೆಯೊಡ್ಡಿ ಕುಡಿದಳು. ನಾಲಿಗೆಯ ಮೇಲೆ ಹಳೇ ನಾಣ್ಯ ಇಟ್ಟ ಹಾಗಾಯಿತು. ತಟ್ಟನೆ ಉಗುಳಿದಳು. ಇಷ್ಟು ದಿನ ತಾನು ರುಚಿ ನೋಡಿದ್ದು ಪ್ಲಾಸ್ಟಿಕ್ ಬಕೆಟ್ಟಿನ ನೀರನ್ನು. ಕೋಳಿಗಳು ಕುಡಿದದ್ದು ತಗಡಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ನಿಂತ ನೀರನ್ನು. ವಿನೆಗರಿನ ಹುಳಿ ತಗಡಿನ ಲೇಪವನ್ನೇ ತಿಂದು ನೀರು ಕೆಡಿಸಿತ್ತು.

ಸಂಜೆಯೊಳಗೆ ಬೀದಿಯ ಹದಿನಾಲ್ಕು ಮನೆಗಳ ಪ್ಲಾಸ್ಟಿಕ್ ಬೋಗುಣಿಗಳು ಶೆಡ್ಡಿಗೆ ಬಂದವು. ಮೈದುನ ಗಡ್ಡ ಹೆರೆದುಕೊಳ್ಳುವ ಬೋಗುಣಿಯೂ ಅವನನ್ನು ಕೇಳದೆಯೇ ಬಂತು. ಎರಡು ದಿನ ಬರೀ ತಣ್ಣೀರು, ಆಮೇಲೆ ಮತ್ತದೇ ಮದ್ದು. ಮಧ್ಯಾಹ್ನ ಉಳಿದದ್ದನ್ನು ಚೆಲ್ಲಿ ಹೊಸ ನೀರು. ಕೋಳಿಗಳು ಮುಗಿಬಿದ್ದು ಕುಡಿದವು.

ಮಾಂಸದಂಗಡಿಯ ಗಾಡಿ ಬಂದ ಬೆಳಿಗ್ಗೆ, ಶೆಡ್ಡಿನ ಬಾಗಿಲಿಗೆ ಅಡ್ಡವಾಗಿ ಐದು ತುಂಬಿದ ಟ್ರೇ ಇಟ್ಟು, ಸೆರಗು ಸಿಕ್ಕಿಸಿ ನಿಂತಿದ್ದಳು. ಒಂದೇ ದಿನದ ಮೊಟ್ಟೆ. ಮೈದುನ ಒಂದನ್ನೆತ್ತಿ ಬೆರಳಲ್ಲಿ ಒತ್ತಿದ, ಉಗುರಿನಿಂದ ತಟ್ಟಿದ. ಸಿಪ್ಪೆ ಬಿರಿಯಲಿಲ್ಲ. ಅತ್ತಿಗೆಯ ಮುಖ ನೋಡುವ ಧೈರ್ಯ ಸಾಲದೆ ಗಾಡಿಯವನ ಕಡೆ ತಿರುಗಿದ.

"ಬರಿಗೈಲಿ ಹೋಗ್ಬೇಡಪ್ಪ. ಮನೆಗೊಂದು ಡಜನ್ ತಗೊಂಡು ಹೋಗು."

ಅಂದು ಅವಳು ನಕ್ಕದ್ದು ಬೀದಿಯ ತುದಿಗೂ ಕೇಳಿಸಿತಂತೆ.

ಅವಳಿಲ್ಲದೆ ತಿಂಗಳಾಯಿತು. ಶೆಡ್ಡಿನ ಗದ್ದಲ ಹಾಗೇ ಇದೆ. ಮಧ್ಯಾಹ್ನ ಮೈದುನ ಕುಕ್ಕರಗಾಲಲ್ಲಿ ಕೂತು ಒಂದು ಬೊಗಸೆ ನೀರು ಕುಡಿದು ನೋಡುತ್ತಾನೆ, ಬಕೆಟ್ಟಿನದಲ್ಲ, ಕೋಳಿಗಳ ಬೋಗುಣಿಯದು.