ಖಡಸದ ಮಡುವಿನಲ್ಲಿ ಜಿಲೇಬಿ ಮೀನು

ನಾನು ನಿಂತಿದ್ದ ಜಾಗ ಇದು: ಠಾಣಾ ಕುಶನೂರಿನಲ್ಲಿ ಬಸ್ಸಿಳಿದು ಆಟೋ ಹಿಡಿದರೆ ಸಿಗುವ ಮಾಂಜ್ರಾ ನದಿಯ ಎಡದಂಡೆ, ಎದುರಿಗೆ ಭಾಲ್ಕಿ ತಾಲ್ಲೂಕಿನ ದಂಡೆ, ಕಾಲ ಕೆಳಗೆ ಒದ್ದೆ ಕರಿಮಣ್ಣು. ಹೋದ ವರ್ಷ ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಗಿನ ಏಳು ಗಂಟೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದೆ. ಚಪ್ಪಲಿಗಳನ್ನು ಕಳಚಿ ಜೋಡಿಯಾಗಿ ಇಟ್ಟಿದ್ದೆ. ಗುಡಿಯ ಮುಂದೆಯೂ ಅಷ್ಟು ಅಚ್ಚುಕಟ್ಟಾಗಿ ಚಪ್ಪಲಿ ಬಿಟ್ಟವನಲ್ಲ. ತಪ್ಪು ಮಾಡಲು ಹೊರಟ ಮನುಷ್ಯ ಸಣ್ಣ ವಿಷಯಗಳಲ್ಲಿ ಬಹಳ ಶಿಸ್ತಿನವನಾಗುತ್ತಾನೆಂಬುದು, ಓದುಗ ಮಿತ್ರರೇ, ನನ್ನ ಸ್ವಂತ ಸಂಶೋಧನೆ.

ಅಲ್ಲಿ ನದಿ ತಿರುವು ತೆಗೆದುಕೊಳ್ಳುವ ಕಡೆ ಆಳವಾದ ಮಡುವೊಂದಿದೆ. ಬೇಸಿಗೆಯಲ್ಲಿ ಉಳಿದ ಹೊಳೆಯೆಲ್ಲ ಬತ್ತಿದರೂ ಅದರಲ್ಲಿ ನೀರು ನಿಲ್ಲುತ್ತದೆ, ಆ ನೀರಿನಲ್ಲಿ ಖಡಸ ಇರುತ್ತದೆ. ಮೈಮೇಲೆ ನಾಣ್ಯದಂಥ ಹುರುಪೆಗಳಿರುವ ಈ ಮೀನು ನಮ್ಮ ಹೊಳೆಗಳದೇ. ಈಗ ಬಹಳ ಕಡಿಮೆಯಾಗಿದೆ. ಬೀದರದ ಕೋಟೆ ನೋಡಲು ಬಂದವರನ್ನು ಇಲ್ಲಿಯವರೆಗೆ ಕರೆತಂದು, ಟಿಕೆಟ್ ಕೊಟ್ಟು, ಒಂದು ಹಿಡಿ ಪುಠಾಣಿ, ಅಂದರೆ ಹುರಿಗಡಲೆ, ಎರಚಿ ಖಡಸ ತೋರಿಸುವುದು. ಆ ದುಡ್ಡಿನಲ್ಲಿ ಮಡುವಿಗೆ ಬಲೆ ಬೀಳದಂತೆ ಕಾಯುವವನಿಗೆ ಪಗಾರ ಕೊಡುವುದು. ಇದು ಬೀದರದ ನಾವು ಆರು ಜನ ಸೇರಿ ಮಾಡಿಕೊಂಡ ಸಮಿತಿಯ ಯೋಜನೆ. ಕಾಯುವವನು ತುಕಾರಾಮ. ಅದೇ ಮಡುವಿನಲ್ಲಿ ಬಲೆ ಬೀಸಿ ಬದುಕಿದ್ದವನು, ನಮ್ಮ ಮಾತು ನಂಬಿ ಬಲೆ ಮಾರಿದ. ನಾನು ನಿವೃತ್ತ ಕನ್ನಡ ಮಾಸ್ತರ. ಅಕ್ಷರ ದುಂಡಗಿವೆ ಎಂಬ ಒಂದೇ ಅರ್ಹತೆಯಿಂದ ಕಾರ್ಯದರ್ಶಿಯಾದೆ.

ದಂಡೆಯ ಫಲಕ ಬರೆದವನೂ ನಾನೇ. 'ಪರಕೀಯ ಮತ್ಸ್ಯಗಳ ವಿಸರ್ಜನೆ ಸರ್ವಥಾ ನಿಷಿದ್ಧ.' ತುಕಾರಾಮ ಅದನ್ನು ಬಹಳ ಹೊತ್ತು ನೋಡಿ ಹೇಳಿದ: "ಮಾಸ್ತರ, ಮೀನಿಗಿ ಓದ್ಲಿಕ್ಕ ಬರಂಗಿಲ್ರಿ. ಆದ್ರ ಇದು ಮಂದಿಗೂ ಬರಂಗಿಲ್ಲಲ್ರಿ." ಹೊರಗಿನ ಮೀನು ತಂದು ಬಿಡಬೇಡಿ ಎಂದಷ್ಟೇ ಅದರ ಅರ್ಥ ಎಂದು ತಿಳಿಸಿದೆ. ಅದರ ಅರ್ಥ ಪೂರ್ತಿ ತಿಳಿದವನು ಆಗ ನಾನೊಬ್ಬನೇ ಎಂಬುದನ್ನು ದಯವಿಟ್ಟು ನೆನಪಿಡಿ.

ಖಡಸಕ್ಕೆ ಟಿಕೆಟ್ ಕೊಂಡವರಿಗೆಲ್ಲ ದರ್ಶನ ಕೊಡಬೇಕೆಂಬ ಕಟ್ಟುಪಾಡಿಲ್ಲ. ಮನಸ್ಸಿದ್ದರೆ ಮೇಲೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಆ ಮಾರ್ಚಿನಲ್ಲಿ ಬೀದರದ ಬಟ್ಟೆ ಅಂಗಡಿಯವರೊಬ್ಬರು ಬೀಗರನ್ನು ಕರೆತಂದು ಎರಡು ತಾಸು ಕೂತರು. ಬಾಲ ಕೂಡ ಕಾಣಲಿಲ್ಲ. ಎಲ್ಲರೆದುರು ನನ್ನ ಹೆಗಲ ಮೇಲೆ ಕೈಯಿಟ್ಟು, "ಏನ್ರಿ ಮಾಸ್ತರ, ನೀರು ನೋಡ್ಲಿಕ್ಕ ಟಿಕೇಟಾ? ನಮ್ಮ ಮನಿ ನಳದಾಗ ಪುಕಟ ಬರ್ತದಲ್ರಿ!" ಎಂದರು. ಬೀಗರು ನಕ್ಕರು, ನಾನೂ ನಕ್ಕೆ. ಮುಂದಿನ ರವಿವಾರ ಎರಡು ಬಸ್ಸಿನ ಜನ ಬರುವವರಿದ್ದರು. ಆ ನಗುವನ್ನು ಎರಡು ಬಸ್ಸಿನಷ್ಟು ಮಾಡಿ ಊಹಿಸಿಕೊಂಡೆ, ನಿದ್ದೆ ಬರಲಿಲ್ಲ.

ಶನಿವಾರ ನಸುಕಿಗೇ ಕಾರಂಜಾ ಜಲಾಶಯಕ್ಕೆ ಹೋಗಿ ಒಂದು ನೀಲಿ ಬ್ಯಾರಲ್ ತುಂಬ ಜೀವಂತ ಜಿಲೇಬಿ ಮೀನು ಕೊಂಡೆ. ಹೆಸರು ಸಿಹಿ, ಆದರೆ ಹೊರದೇಶದಿಂದ ಬಂದ ಮೀನು. ಪುಠಾಣಿ ಎರಚಿದರೆ ಸಾಕು, ಗುಂಪಾಗಿ ಮೇಲೆ ಬರುತ್ತದೆ, ಹೋದಲ್ಲೆಲ್ಲ ಬೇರೆ ಮೀನುಗಳ ತತ್ತಿ ತಿಂದು ಬೆಳೆಯುತ್ತದೆ. ಗೂಡ್ಸ್ ಆಟೋದ ಫಿಲಿಪ್ಪ ದಾರಿಯುದ್ದಕ್ಕೂ ಚೇಷ್ಟೆ ಮಾಡಿದ: "ಇವುಕ್ಕ ಟ್ರಾನ್ಸಫರ್ ಆರ್ಡರ್ ಬಂದದ ಏನ್ರಿ, ಸರ?" ತುಕಾರಾಮ ಆ ದಿನ ಔರಾದಿಗೆ ಹೋಗಿದ್ದ. ಅದು ಗೊತ್ತಿದ್ದೇ ಆ ದಿನ ಆರಿಸಿಕೊಂಡಿದ್ದೆ.

ಮಡುವಿಗೆ ಸುರಿಯುತ್ತ ಬ್ಯಾರಲ್ ಅರ್ಧ ಬರಿದಾದಾಗ ತುಕಾರಾಮನ ಹೆಂಡತಿ ರುಕ್ಮಿಣಬಾಯಿ ಬಟ್ಟೆಯ ಗಂಟು ಹೊತ್ತು ಬಂದಳು.

"ಮಾಸ್ತರ, ಇವು ಜಿಲೇಬಿ ಹೌದಲ್ರಿ? ಇಲ್ಲಿ ಒಂದು ಕಂಡ್ರೂ ನಮ್ಮವರು ಹಿಡದು ದಂಡಿಮ್ಯಾಲ ಒಗೀತಾರ್ರಿ."

"ನಾಳಿ ಮಂದಿಗಿ ತೋರಿಸ್ಲಿಕ್ಕ ಅಷ್ಟೇ ತಂಗಿ. ಆಮ್ಯಾಲ ತೆಗೀತೀವಿ."

"ನೀರಾಗ ಬಿಟ್ಟಿದ್ದು ಹ್ಯಾಂಗ ತೆಗೀತೀರಿ?" ಎಂದಳು. ನಾನು ಉಳಿದ ಅರ್ಧವನ್ನೂ ಸುರಿದೆ.

ರವಿವಾರ ಜನ ಚಪ್ಪಾಳೆ ತಟ್ಟಿದರು. ನಾನು ಜಿಲೇಬಿಯನ್ನು ತೋರಿಸಿ ಖಡಸದ ಚರಿತ್ರೆ ಹೇಳಿದೆ; ಯಾರಿಗೂ ಸಂಶಯ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಮೀನು ತಿಳಿದವರೊಬ್ಬರು ಬಂದು ಸಣ್ಣ ಬಲೆ ಹಾಕಿ ನೋಡಿದರು. ಎಷ್ಟು ಸಲ ಎತ್ತಿದರೂ ಜಿಲೇಬಿ ಮರಿ. ಖಡಸದ ಮರಿ ಒಂದೂ ಇಲ್ಲ. ಬೀದರದಲ್ಲಿ ಸಭೆ ಸೇರಿತು. ತುಕಾರಾಮ ಮೊದಲಿನಿಂದಲೂ ಮೀನು ಹಿಡಿಯುವವನು, ಮಾರಲಿಕ್ಕೆ ತಾನೇ ಬಿಟ್ಟಿರಬೇಕು ಎಂದರೊಬ್ಬರು. ತುಕಾರಾಮ ಬಾಗಿಲ ಬಳಿ ನಿಂತಿದ್ದ. "ನಾ ಬಿಟ್ಟಿಲ್ರಿ. ಬಿಟ್ಟವರು ಇಲ್ಲೇ ಇದ್ರ ಹೇಳ್ತಾರ್ರಿ," ಎಂದ. ನನ್ನ ಕಡೆ ನೋಡಲಿಲ್ಲ. ಹೆಂಡತಿ ಅವನಿಗೆ ಹೇಳಿದ್ದಳೆಂದು ನನಗೆ ತಿಳಿದದ್ದು ಹಾಗೆ ನೋಡದಿದ್ದುದರಿಂದಲೇ. ನನಗೆ ನಾಚಿಕೆಯಾಗಲೆಂದಲ್ಲ, ನಾನೇ ಹೇಳಲೆಂದು ಅವನು ಜಾಗ ಬಿಟ್ಟುಕೊಟ್ಟಿದ್ದ. ನಾನು ತಲೆ ತಗ್ಗಿಸಿ ನಡಾವಳಿ ಬರೆದೆ: 'ಕಾವಲುಗಾರನ ನಿರ್ಲಕ್ಷ್ಯದಿಂದ.' ನಿರ್ಲಕ್ಷ್ಯದ ಒತ್ತಕ್ಷರಗಳು ಬಹಳ ಸುಂದರವಾಗಿ ಬಂದಿವೆ.

ತುಕಾರಾಮನನ್ನು ತೆಗೆದರು. ಈಗ ಅವನು ಬೇರೆಯವರ ಸೋಯಾ ಹೊಲದಲ್ಲಿ ಕೂಲಿಗೆ ಹೋಗುತ್ತಾನೆ. ಕಾವಲಿಲ್ಲದ ಆ ಮಡುವಿಗೆ ಯಾರು ಬೇಕಾದರೂ ಬಲೆ ಹಾಕಬಹುದು, ಅವನು ಹಾಕಿಲ್ಲ. ಬಿಡುವಿದ್ದ ದಿನ ಗಾಳ ಹಿಡಿದು ಕೂತು ಜಿಲೇಬಿಗಳನ್ನು ಒಂದೊಂದಾಗಿ ಎತ್ತಿ ದಂಡೆಗೆ ಹಾಕುತ್ತಾನಂತೆ. ಪಗಾರವಿಲ್ಲದ ಕೆಲಸ, ಮುಗಿಯುವ ಕೆಲಸವೂ ಅಲ್ಲ.

ಈ ಬರಹದ ಒಂದು ಪ್ರತಿಯನ್ನು ನನ್ನ ರಾಜೀನಾಮೆಯೊಂದಿಗೆ ಸಮಿತಿಗೆ ಕಳಿಸಿದ್ದೇನೆ. ನಡಾವಳಿಯ ಆ ಸಾಲನ್ನು ಹೊಡೆದುಹಾಕಿ ತುಕಾರಾಮನನ್ನು ಮರಳಿ ಕರೆಯಬೇಕೆಂದು ಕೇಳಿದ್ದೇನೆ. ಹಿಂದೆ ಸುಳ್ಳು ಬರೆದ ಕೈ ಇದು, ನಂಬಬೇಕಾಗಿಲ್ಲ. ನೋಡಿದವರು ಇನ್ನಿಬ್ಬರಿದ್ದಾರೆ: ಬೀದರದಲ್ಲಿ ಗೂಡ್ಸ್ ಆಟೋ ಓಡಿಸುವ ಫಿಲಿಪ್ಪ, ಠಾಣಾ ಕುಶನೂರಿನ ರುಕ್ಮಿಣಬಾಯಿ. ಇಬ್ಬರೂ ಬದುಕಿದ್ದಾರೆ. ಈವರೆಗೆ ಇಬ್ಬರನ್ನೂ ಯಾರೂ ಕೇಳಿಲ್ಲ.