ಕೂಸಿಗೆ ನೀರು ಹಾಕಿದವರು

ಮನುಷ್ಯನ ಬುದ್ಧಿಗೆ ನಿಲುಕದ ಸಂಗತಿಗಳು ಈ ಲೋಕದಲ್ಲಿ ಅನೇಕ ಇವೆ. ಸ್ಟೋವಿಗೆ ಪಿನ್ನು ಹಾಕುವುದೇ ನನ್ನ ಬುದ್ಧಿಗೆ ಇವತ್ತಿನ ತನಕ ನಿಲುಕಿಲ್ಲವಾದ್ದರಿಂದ, ಈ ಮಾತು ನನ್ನ ಬಾಯಿಂದ ಬಂದರೆ ಅದಕ್ಕೆ ಹೆಚ್ಚು ತೂಕವಿರುವುದಿಲ್ಲ. ಆದರೂ ಹೇಳಬೇಕಾಗಿದೆ. ದೆವ್ವ, ಗಾಳಿ, ಶಕುನ, ಹಲ್ಲಿ ಲೊಚಗುಟ್ಟುವುದು ಇವೆಲ್ಲ ಕೆಲಸವಿಲ್ಲದವರ ಉದ್ಯೋಗವೆಂದು ನಂಬಿದ್ದವನು ನಾನು. ನಂಬಿ ಸುಮ್ಮನಿದ್ದೆನೆಂದಲ್ಲ, ಕೇಳದವರಿಗೂ ಆ ವಿಷಯದಲ್ಲಿ ಉಪನ್ಯಾಸ ಕೊಡುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಮಾರಿಕಣಿವೆಯಲ್ಲಿ ನೀರಾವರಿ ಕೆಲಸದಲ್ಲಿದ್ದೆ. ದಿನಾ ಬೆಳಿಗ್ಗೆ ಅಣೆಕಟ್ಟೆಯ ಮೇಲೆ ನಡೆದುಹೋಗಿ, ಕಲ್ಲಿನ ಮೇಲೆ ಅಡಿ, ಅಂಗುಲ ಗುರುತು ಹಾಕಿರುವ ಗೇಜು ನೋಡಿ, ನೀರು ಎಷ್ಟಿದೆಯೆಂದು ತಿಳಿಸುವುದು ನನ್ನ ಪಾಲಿನ ರಾಜಕಾರ್ಯ. ನೀರು ಏರುವುದೂ ಇಳಿಯುವುದೂ ನನ್ನ ಅಪ್ಪಣೆಯ ಮೇಲೆಯೇ ಎಂಬಂತೆ ಊರಿನಲ್ಲಿ ಓಡಾಡುತ್ತಿದ್ದೆ.

ಮದುವೆಯಾಗಿ ಕೆಲವು ವರ್ಷ ಕಾದ ಮೇಲೆ ನನ್ನ ಹೆಂಡತಿ ಸರೋಜ ಬಸುರಿಯಾದಳು. ಒಂದು ಸಂಜೆ ಅವಳು ನಮ್ಮ ಇಂಜಿನಿಯರ್ ಸಾಹೇಬರ ಬಂಗಲೆಗೆ ಅರಿಶಿನ ಕುಂಕುಮಕ್ಕೆ ಹೋಗಿ ಬಂದು, ಕಾಲು ತೊಳೆಯುವ ಮುಂಚೆಯೇ ಹೇಳಿದಳು: "ಕೂಸಿಗೇ ಅಂತ ಒಂದು ಕೋಣೆ ಮಾಡ್ಯಾರ್ರಿ! ಗೋಡೆ ತುಂಬ ಗಿಳಿ ಬರ್ದಾರೆ. ತೊಟ್ಲಾಗೆ ಮಲಗಿ ಅದನ್ನೇ ನೋಡ್ತೈತೆ ಕೂಸು." ಅವಳು ಏನನ್ನೂ ಕೇಳುವ ಪೈಕಿಯಲ್ಲ. ಇದನ್ನೂ ಕೇಳಲಿಲ್ಲ. ಆದರೆ ಆ ವಾರದಲ್ಲಿ ಗಿಳಿಯ ಮಾತು ಮೂರು ನಾಲ್ಕು ಸಲ ಬಂತು.

ನಮ್ಮ ಕ್ವಾರ್ಟರ್ಸಿನಲ್ಲಿದ್ದದ್ದು ಅಡುಗೆಮನೆ ಬಿಟ್ಟು ಎರಡು ಕೋಣೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ರಾಗಿ ಚೀಲ. ರಾಗಿಯನ್ನು ನಮ್ಮ ಕೋಣೆಗೆ ಕರೆದುಕೊಂಡು, ಅದರ ಕೋಣೆಯನ್ನು ಕೂಸಿಗೆ ಬಿಟ್ಟುಕೊಡುವುದೆಂದು ನಿಶ್ಚಯಿಸಿದೆ. ಅಷ್ಟರಲ್ಲಿ ನಮ್ಮತ್ತೆ ಮತ್ತೋಡಿನಿಂದ ಮಗಳನ್ನು ಬಾಣಂತನಕ್ಕೆ ಕರೆದೊಯ್ಯಲು ಬಂದರು. ಅವರು ಹಳೆಯ ಕಾಲದವರು, ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗೇ ನಿಂತಿದ್ದರೂ ಬಾಗಿಲ ಮರೆಯಿಂದ ಮಗಳಿಗೇ ಹೇಳುವರು.

"ನಿಮ್ಮೆಜಮಾನ್ರಿಗೆ ಹೇಳೇ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬಾರ್ದು, ತೊಟ್ಲು ಕಟ್ಟಬಾರ್ದು. ಬರೋರು ಬಂದ್ಮ್ಯಾಲೆ ಎಲ್ಲಾ ಐತೆ."

"ನಿಮ್ಮಮ್ಮನಿಗೆ ಹೇಳು," ಎಂದೆ ನಾನು, "ತೊಟ್ಟಿಲು ಕಟ್ಟುವುದಿಲ್ಲ. ಗೋಡೆಗೆ ಬಣ್ಣ ಬಳಿಯುವುದನ್ನು ಯಾವ ಶಾಸ್ತ್ರವೂ ಬೇಡ ಎಂದಿಲ್ಲ." ಮಧ್ಯೆ ಕುಳಿತಿದ್ದ ಸರೋಜ ಎರಡು ಕಡೆಗೂ ನೋಡಿ ನಕ್ಕಳು. ಬಸ್ಸು ಹತ್ತುವಾಗ ಮಾತ್ರ ನನ್ನ ಕಿವಿಯ ಹತ್ತಿರ, "ಗಿಳಿ ಮರೀಬ್ಯಾಡ್ರಿ" ಎಂದಳು.

ಚೊಚ್ಚಲ ಬಾಣಂತಿ ತವರಿನಿಂದ ಹಿಂದಿರುಗುವುದು ಕೂಸಿಗೆ ಐದು ತಿಂಗಳಾದ ಮೇಲೆ. ಹಾಗಾಗಿ ನನ್ನ ಆತುರಕ್ಕೆ ಯಾವ ಕಾರಣವೂ ಇರಲಿಲ್ಲ. ಹಿರಿಯೂರಿಗೆ ಹೋಗಿ ಸುಣ್ಣ, ನೀಲಿ, ನಾಲ್ಕು ಡಬ್ಬಿ ಬಣ್ಣ, ಒಂದು ಕುಂಚ ತಂದೆ. ರಜೆಯ ದಿನಗಳಲ್ಲಿ ಬಾಗಿಲು ತೆರೆದಿಟ್ಟು ಕೆಲಸ ಶುರುಮಾಡಿದೆ. ಗಿಳಿ ಬರೆಯಲು ಹೋದರೆ ಕಾಗೆಗೆ ಕಾಮಾಲೆಯಾದಂತೆ ಬಂತು. ಒರೆಸಿ, ನನಗೆ ಗೊತ್ತಿದ್ದದ್ದನ್ನೇ ಬರೆದೆ: ಅಣೆಕಟ್ಟೆ, ಎರಡು ಗುಡ್ಡ, ಕೊಕ್ಕರೆ, ಮೀನು. ಮೂಲೆಯಲ್ಲಿ, ನೆಲದಿಂದ ನನ್ನ ಎತ್ತರದ ತನಕ, ಕಟ್ಟೆಯ ಮೇಲಿರುವಂಥದ್ದೇ ಕಪ್ಪು ಬಿಳುಪಿನ ಗೇಜು. ಕೂಸು ನಿಂತ ದಿನದಿಂದ ವರ್ಷಕ್ಕೊಂದು ಸಲ ಅದರ ಪಕ್ಕ ನಿಲ್ಲಿಸಿ ಗುರುತು ಹಾಕುವುದು ನನ್ನ ಯೋಜನೆ. ಮಳೆಯಿಲ್ಲದ ವರ್ಷವೂ ಏರುವ ಒಂದು ಗೇಜು ನನ್ನ ವಶದಲ್ಲಿರಬೇಕೆಂಬ ಆಸೆ.

ಪಕ್ಕದ ಮನೆಯ ತಿಪ್ಪಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ತಪಾಸಣೆ ಮಾಡಿದಳು. ಅವಳ ಗಂಡ ತೂಬಿನ ಕೆಲಸದವನು; ಅವಳು ನನಗೆ ತಾಯಿಯ ವಯಸ್ಸಿನವಳು.

"ಇದೇನಪ್ಪ, ಬದ್ನೆಕಾಯಿಗೆ ಬಾಲ ಹಚ್ಚೀಯಾ?"

"ಮೀನು."

"ಓಹೋ. ಈ ಪಟ್ಟಿ?"

"ಮಗು ಎಷ್ಟು ಬೆಳೆಯಿತು ಅಂತ ನೋಡೋಕೆ."

"ಲೇ, ಕೂಸೇನು ಕೆರೇನಾ, ಅಳೆಯಾಕೆ!" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಹೋದಳು. ಅಂದು ಸಂಜೆಗೆ ಕ್ವಾರ್ಟರ್ಸಿನ ಇಡೀ ಸಾಲಿಗೆ ಸುದ್ದಿ ಮುಟ್ಟಿತ್ತು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಇಂಥ ಕಥೆಗಳಲ್ಲಿ ಅಮಾವಾಸ್ಯೆಯ ಕತ್ತಲು, ನಾಯಿಯ ಊಳು ಇರಬೇಕು. ನನ್ನದರಲ್ಲಿ ಅಂಥ ಏರ್ಪಾಡು ಏನೂ ಇಲ್ಲ. ಬೇಸಗೆ, ಭಾನುವಾರ, ಊಟದ ನಂತರದ ಹೊತ್ತು. ಹೊರಗೆ ಕಣ್ಣು ಚುಚ್ಚುವ ಬಿಸಿಲು. ನಾನು ನೆಲದ ಮೇಲೆ ಕುಳಿತು ಗೇಜಿನ ಕೆಳಗಿನ ಅಂಕಿಗಳನ್ನು ಬರೆಯುತ್ತಿದ್ದೆ. ಕೋಣೆಯ ತುಂಬ ಹಸಿ ಬಣ್ಣದ, ಸುಣ್ಣದ ವಾಸನೆ.

ಅದರೊಳಗಿಂದ ಇನ್ನೊಂದು ವಾಸನೆ ಎದ್ದಿತು. ಮೊದಲು ಕಾದ ಹರಳೆಣ್ಣೆ. ಆಮೇಲೆ ಬಿಸಿನೀರು ಬಿದ್ದ ಬಚ್ಚಲುಕಲ್ಲಿನ ಹಬೆ. ಆಮೇಲೆ ಕೆಂಡದ ಮೇಲೆ ಹಾಕಿದ ಬೆಳ್ಳುಳ್ಳಿ ಸಿಪ್ಪೆ, ಓಮ, ಲೋಬಾನದ ಹೊಗೆ. ಬಾಣಂತಿಯಿರುವ ಮನೆಯ ವಾಸನೆ. ಎಳೆಗೂಸಿಗೆ ನೀರು ಹಾಕಿ, ತಲೆಗೆ ಹೊಗೆ ಹಿಡಿದು ಮಲಗಿಸಿದಾಗ ಬರುವಂಥದ್ದು. ಕಣ್ಣಿಗೆ ಹೊಗೆಯಿಲ್ಲ, ಕಿವಿಗೆ ಸದ್ದಿಲ್ಲ. ಖಾಲಿ ಹೊಟ್ಟೆಗೆ ಬಣ್ಣದ ವಾಸನೆ ಏರಿ ತಲೆ ತಿರುಗಿದೆ ಎಂದುಕೊಂಡೆ. ಹೊಟ್ಟೆ ಖಾಲಿಯಿರಲಿಲ್ಲವೆಂಬುದು ಆಮೇಲೆ ನೆನಪಾಯಿತು. ಕುಂಚ ಕೆಳಗಿಡಲು ಮನಸ್ಸಾಗಲಿಲ್ಲ. ನಿಜ ಹೇಳುತ್ತೇನೆ, ಭಯವಾಗಲಿಲ್ಲ. ಹಿತವಾಗಿತ್ತು.

ಆಗ ಬಾಗಿಲಲ್ಲಿ ತಿಪ್ಪಮ್ಮನ ಧ್ವನಿ: "ಏನಪ್ಪ, ಬಾಣಂತಿ ಕರ್ಕಂಬಂದು ಪಕ್ಕದ ಮನೆಗೆ ಒಂದ್ ಮಾತು ಹೇಳಬಾರ್ದಾ? ನಾವೇನು ಕಣ್ಣು ಹಾಕ್ತಿದ್ವಾ?"

"ಯಾವ ಬಾಣಂತಿ?"

"ನನ್ ತಾವೇ ಮುಚ್ಚಿಡ್ತೀಯಾ? ಅಂಗಳದ ತಂಕ ಘಮ್ ಅಂತೈತೆ. ಯಾರು ಬಂದಾರೆ ಕೂಸಿಗೆ ನೀರು ಹಾಕಾಕೆ? ನಿಮ್ಮತ್ತೇನಾ?"

ನಾನು ಆ ವಾಸನೆಯ ಬಗ್ಗೆ ಆಗ ಒಂದಕ್ಷರವನ್ನೂ ಆಡಿರಲಿಲ್ಲವೆಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಅವಳು ಒಳಗೆ ಬಂದಳು. ಕೋಣೆಯಲ್ಲಿ ನಾನು, ಬಣ್ಣದ ಡಬ್ಬಿ, ಬಾಲದ ಬದನೆಕಾಯಿ. ಅಡುಗೆಮನೆಗೆ ಹೋಗಿ ಒಲೆ ನೋಡಿದಳು. ಬಚ್ಚಲಿಗೆ ಹೋಗಿ ಹಂಡೆಯನ್ನು ಮುಟ್ಟಿ ನೋಡಿದಳು, ತಣ್ಣಗಿತ್ತು. ನಮ್ಮ ಸಾಲಿನಲ್ಲಿ ಬೇರೆ ಬಾಣಂತಿಯರೂ ಇರಲಿಲ್ಲ. ಯಾರ ಮನೆಯ ಮಜ್ಜಿಗೆ ಹುಳಿಯಾಯಿತೆಂಬುದನ್ನೂ ಬಲ್ಲ ತಿಪ್ಪಮ್ಮನಿಗೆ ಅದು ಗೊತ್ತಿಲ್ಲದೆ ಹೋಗುವಂತಿರಲಿಲ್ಲ. ಮತ್ತೆ ನನ್ನ ಮುಖ ನೋಡಿ, "ಬಾಗ್ಲು ಹಾಕಬ್ಯಾಡಪ್ಪ, ತೆಗದೇ ಇರ್ಲಿ" ಎಂದಷ್ಟೇ ಹೇಳಿ ಹೋದಳು. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಬರೀ ಬಣ್ಣದ ವಾಸನೆ ಉಳಿಯಿತು.

ಮಾರನೆಯ ಬೆಳಿಗ್ಗೆ ಸರೋಜಳ ತಮ್ಮ ಬಂದ. ಅಂಗಳದಲ್ಲೇ ನಿಂತ. "ಭಾವ, ಹೊರಡ್ರಿ, ಹೋಗಾಣ. ಅಕ್ಕ ಆರಾಮದಾಳೆ" ಎಂದ. ಅಕ್ಕನ ವಿಷಯವನ್ನಷ್ಟೇ ಹೇಳಿದ್ದರಿಂದ ಉಳಿದದ್ದು ನನಗೆ ತಿಳಿಯಿತು.

ಹೆಣ್ಣು ಕೂಸು. ಭಾನುವಾರ ಮಧ್ಯಾಹ್ನ, ದಿನ ತುಂಬುವ ಮುಂಚೆಯೇ ಹುಟ್ಟಿ, ಒಂದು ಸಲ ಅತ್ತು, ಸ್ವಲ್ಪ ಹೊತ್ತು ಉಸಿರಾಡಿತಂತೆ. ಸರೋಜಳಿಗೆ ಎಚ್ಚರವಿರಲಿಲ್ಲ. ಸಂಜೆಯೊಳಗೆ ಮಣ್ಣು ಮಾಡಿದ್ದರು. ಆ ಹೊತ್ತಿನಲ್ಲಿ ಯಾರೂ ಗಡಿಯಾರ ನೋಡಿರಲಿಲ್ಲ. ಆದ್ದರಿಂದ ಎರಡೂ ಒಂದೇ ಗಳಿಗೆ ಎಂದು ಹೇಳುವ ಹಕ್ಕು ನನಗಿಲ್ಲ. ನಮ್ಮತ್ತೆ ಅಂದು ಬಾಗಿಲ ಮರೆ ಬಿಟ್ಟು ಎದುರಿಗೆ ಬಂದು, ಮೊದಲ ಸಲ ನನಗೇ ಹೇಳಿದರು: "ನೀರು ಹಾಕೋ ಹೊತ್ತೂ ಕೊಡ್ಲಿಲ್ಲಪ್ಪ. ಹಂಗೇ ಬಟ್ಟೇಲಿ ಸುತ್ತಿ ಕಳಿಸಿದ್ವಿ." ಬಣ್ಣದ ಮಾತನ್ನು ಆಗಲೂ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ.

ಸರೋಜ ಹಿಂದಿರುಗಿದ ಮೇಲೆ ಆ ಕೋಣೆಯೊಳಗೆ ಕಾಲಿಡಲಿಲ್ಲ. ವಾಸನೆಯ ವಿಷಯ ನಾನು ಹೇಳಿರಲಿಲ್ಲ, ತಿಪ್ಪಮ್ಮ ಹೇಳಿದಳು. ಆ ದಿನ ನಾನು ಊಟಕ್ಕೆ ಬಂದಾಗ ಸರೋಜ ಅನ್ನದ ಪಾತ್ರೆ ಮುಂದಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು.

"ಲೋಬಾನದ ವಾಸ್ನೆ ಬಂದಿದ್ದು ನಿಜವೇನ್ರಿ?"

"ನಿಜ."

"ಎಣ್ಣೆ ವಾಸ್ನೆ?"

"ಅದೂ ಇತ್ತು."

"ಬಿಸಿನೀರು?"

"ಹಬೆಯ ಹಾಗೆ ಬಂತು."

ಅವಳು ಅನ್ನದ ಪಾತ್ರೆಗೆ ಮುಚ್ಚಳ ಹಾಕಿ, "ಹಂಗಾದ್ರೆ ಯಾರೋ ನೀರು ಹಾಕ್ಯಾರೆ" ಎಂದಳು. ಎದ್ದು ಹೋಗಿ ಆ ಕೋಣೆಯ ನೆಲದ ಮೇಲೆ, ಗೇಜಿನ ಬುಡದಲ್ಲಿ ಮಲಗಿ ನಿದ್ದೆ ಮಾಡಿದಳು. ಮತ್ತೋಡಿನಿಂದ ಬಂದ ಮೇಲೆ ಅವಳು ಕಣ್ಣು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶಕುನದ ಮೇಲೆ ಉಪನ್ಯಾಸ ಕೊಡುತ್ತಿದ್ದವನು ಅವಳ ಮಾತಿಗೆ ಇಲ್ಲ ಎನ್ನಲಿಲ್ಲ. ಹೌದು ಎನ್ನುವಷ್ಟು ಗೊತ್ತೂ ಇರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಅನಂತರದ ವರ್ಷಗಳಲ್ಲಿ ಅವಳು ಆಗಾಗ, ಸೊಪ್ಪು ಸೋಸುವಾಗಲೋ ಬಟ್ಟೆ ಮಡಿಸುವಾಗಲೋ, ಅದನ್ನೇ ಮತ್ತೆ ಕೇಳುತ್ತಿದ್ದಳು: ಮೊದಲು ಯಾವುದು ಬಂತು, ಎಣ್ಣೆಯೋ ನೀರೋ? ನಾನು ಅದೇ ಕ್ರಮದಲ್ಲಿ ಹೇಳುತ್ತಿದ್ದೆ.

ಮುಂದೆ ನಮಗೆ ಮಕ್ಕಳಾಗಲಿಲ್ಲ. ಹೊಳಲ್ಕೆರೆಗೆ ವರ್ಗವಾದಾಗ, ಆ ಗೋಡೆಗೆ ಎರಡು ಸಲ ಸುಣ್ಣ ಹೊಡೆಸಿ, ಬೀಗದ ಕೈ ಒಪ್ಪಿಸಿದೆ.