ಅತ್ತೆಯ ಉಳಿತಾಯ ಖಾತೆ ಮತ್ತು ನನ್ನ ಭದ್ರತಾ ಪಾಠ

ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ನಾನು ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಹಾಗಾಗಿ ದುಡ್ಡಿನ ವಿಷಯದಲ್ಲಿ ನೆಂಟರಿಷ್ಟರಿಗೆ ಬುದ್ಧಿ ಹೇಳುವ ಹಕ್ಕು ನನಗೆ ತಾನಾಗಿ ಬಂದಿದೆ ಎಂದು ಬಹಳ ಕಾಲ ನಂಬಿದ್ದೆ. ಆ ನಂಬಿಕೆಗೆ ಮೊದಲು ಸಿಕ್ಕವರು ನನ್ನ ಅತ್ತೆ.

ಹೆಂಡತಿಯ ತವರು ಶಿಡ್ಲಘಟ್ಟ, ಅತ್ತೆ ಇರುವುದು ಅಲ್ಲೇ. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಿವೃತ್ತಿಯಾದಾಗ ಬಂದ ಹಣವನ್ನೆಲ್ಲ ಉಳಿತಾಯ ಖಾತೆಯಲ್ಲೇ ಬಿಟ್ಟಿದ್ದರು. ಅಷ್ಟು ದುಡ್ಡು ಅಷ್ಟು ಕಡಿಮೆ ಬಡ್ಡಿಗೆ ಸುಮ್ಮನೆ ಬಿದ್ದಿರುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಅವರೆಕಾಯಿ ಕಾಲದ ಒಂದು ಭಾನುವಾರ ಹೋಗಿ ಪಾಠಕ್ಕೆ ಕೂತೆ. ಅತ್ತೆ ನೆನೆಸಿದ ಕಾಳನ್ನು ಹಿಸುಕುತ್ತಾ ಕೇಳಿಸಿಕೊಂಡರು. ಮೊದಲು ಭದ್ರತೆಯ ವಿಷಯ. ಓಟಿಪಿ ಯಾರಿಗೂ ಹೇಳಬಾರದು. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬಾರದು. ಗೊತ್ತಿಲ್ಲದೆ ಹಣ ಹೋದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ತಡೆಹಿಡಿಸಬೇಕು. ಪಾಠಕ್ಕೆ ಕಳೆ ಬರಲಿ ಎಂದು ಕೊನೆಗೆ ಇನ್ನೊಂದು ಮಾತು ಸೇರಿಸಿದೆ. ಈಗ ದನಿಯನ್ನೇ ನಕಲು ಮಾಡುವವರಿದ್ದಾರೆ, ಫೋನಿನಲ್ಲಿ ನನ್ನ ದನಿ ಕೇಳಿದರೂ ನಂಬಬೇಡಿ ಎಂದೆ.

ಆಮೇಲೆ ಬಡ್ಡಿಯ ವಿಷಯಕ್ಕೆ ಬಂದೆ. ಖಾತೆಯಲ್ಲಿ ಒಂದು ಮಿತಿಗಿಂತ ಹೆಚ್ಚಿರುವ ಹಣ ತಾನಾಗಿಯೇ ಠೇವಣಿಗೆ ಹೋಗಿ ಜಾಸ್ತಿ ಬಡ್ಡಿ ತರುವ ಸೌಲಭ್ಯವೊಂದಿದೆ. ಬೇಕೆಂದಾಗ ಅದು ಖಾತೆಗೆ ವಾಪಸು ಬರುತ್ತದೆ. ಅತ್ತೆ ಹೂಂ ಅಂದರು. ಅವರ ಫೋನಿನಲ್ಲೇ ನಾನು ಅರ್ಜಿ ತುಂಬಿದೆ. ಓಟಿಪಿ ಬಂದಾಗ ಅವರು ಕೈ ಒರೆಸಿಕೊಂಡು ಫೋನು ಕಿತ್ತುಕೊಂಡು ತಾವೇ ಒತ್ತಿದರು. ನನಗೆ ಹೆಮ್ಮೆಯಾಯಿತು.

ಆ ವಾರದಲ್ಲೇ ಠೇವಣಿಗೆ ಹಣ ಹೋಯಿತು. ಖಾತೆಯಿಂದ ದೊಡ್ಡ ಮೊತ್ತ ಕಡಿತವಾಗಿದೆ ಎಂದು ಅತ್ತೆಗೆ ಮೆಸೇಜು ಬಂತು. ಎಲ್ಲಿಗೆ ಹೋಯಿತೆಂದು ಅದರಲ್ಲಿ ತಿಳಿಯುವಂತೆ ಬರೆದಿರಲಿಲ್ಲ. ಭಾನುವಾರ ಹೂಂ ಅಂದದ್ದು ಯಾವುದಕ್ಕೆಂದು ಅವರಿಗೆ ನೆನಪಿರಲಿಲ್ಲ. ಭದ್ರತೆಯ ಪಾಠ ಮಾತ್ರ ಅಕ್ಷರ ಬಿಡದೆ ನೆನಪಿತ್ತು. ಕೂಡಲೇ ಬ್ಯಾಂಕಿಗೆ ಫೋನು ಮಾಡಿ ಖಾತೆಯನ್ನು ತಡೆಹಿಡಿಸಿದರು. ಆಮೇಲೆ ಮಗಳಿಗೆ ಫೋನು ಮಾಡಿ, ನಿನ್ನ ಗಂಡನಿಗೆ ಸದ್ಯಕ್ಕೆ ಏನೂ ಹೇಳಬೇಡ ಅಂದರು. ನನ್ನ ಹೆಂಡತಿ ತಕ್ಷಣ ನನಗೆ ಹೇಳಿದಳು.

ನಡೆದದ್ದು ಏನೆಂದು ನನಗೆ ಅರ್ಥವಾಯಿತು. ಸಮಾಧಾನ ಹೇಳೋಣವೆಂದು ಫೋನು ಮಾಡಿದೆ.

"ಅತ್ತೆ, ನಾನು. ದುಡ್ಡು ಎಲ್ಲೂ ಹೋಗಿಲ್ಲ."

"ದನಿ ಅವರದೇ ಇದೆ," ಅಂದರು ಅತ್ತೆ, ಪಕ್ಕದಲ್ಲಿದ್ದ ಯಾರಿಗೋ. ಆಮೇಲೆ ನನ್ನನ್ನು ಕೇಳಿದರು, "ಹೋದ ಭಾನುವಾರ ನಮ್ಮನೇಲಿ ಏನು ಊಟ ಮಾಡಿದ್ರಿ, ಹೇಳಿ."

"ಹಿಸುಕಿದ ಬೇಳೆ ಸಾರು, ಮುದ್ದೆ."

"ಈ ಕಾಲದಲ್ಲಿ ನಮ್ಮ ಕಡೆ ಎಲ್ಲರ ಮನೇಲೂ ಅದೇ ಮಾಡ್ತಾರೆ," ಅಂದು ಫೋನಿಟ್ಟರು. ಮತ್ತೆ ಮಾಡಿದರೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದರು.

ಮರುದಿನ ಕಾಲೇಜಿಗೆ ರಜೆ ಹಾಕಿ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಅತ್ತೆ ಆಗಲೇ ಬ್ಯಾಂಕಿನಲ್ಲಿದ್ದರು. ಕನ್ನಡವನ್ನು ಹೊಸದಾಗಿ ಕಲಿಯುತ್ತಿದ್ದ ಮ್ಯಾನೇಜರಮ್ಮ ಅವರಿಗೆ ಕಾಫಿ ತರಿಸಿ ಕೊಟ್ಟಿದ್ದರು. ನಾನು ಒಳಗೆ ಕಾಲಿಟ್ಟೊಡನೆ ಮ್ಯಾನೇಜರಮ್ಮ ನನ್ನ ಆಧಾರ್ ಕಾರ್ಡು ಕೇಳಿದರು. ಯಾರ ಮೇಲೆ ಅನುಮಾನ ಎಂದು ಬ್ಯಾಂಕಿನವರು ಫೋನಿನಲ್ಲಿ ಕೇಳಿದ್ದಕ್ಕೆ, ಅನುಮಾನವೇನಿಲ್ಲ, ಭಾನುವಾರ ನನ್ನ ಫೋನು ಮುಟ್ಟಿದವರು ಅಳಿಯಂದಿರೊಬ್ಬರೇ ಎಂದು ಅತ್ತೆ ಉತ್ತರಿಸಿದ್ದರಂತೆ. ಅವರು ಇಡೀ ಜೀವನದಲ್ಲಿ ಸುಳ್ಳು ಹೇಳಿದವರಲ್ಲ.

ಮ್ಯಾನೇಜರಮ್ಮ ಕಂಪ್ಯೂಟರಿನ ಪರದೆ ತಿರುಗಿಸಿ, ಠೇವಣಿಯಲ್ಲಿ ಅತ್ತೆಯ ಹೆಸರಿನಲ್ಲೇ ಹಣ ಇರುವುದನ್ನು ತೋರಿಸಿದರು. ಅದು ಬಡ್ಡಿಯನ್ನೂ ತರತೊಡಗಿತ್ತು. ತಡೆ ತೆಗೆಸಲು ಅತ್ತೆ ಸಹಿ ಹಾಕಿದರು. ಕೌಂಟರಿನ ಮುಂದೆ ನಿಂತಿದ್ದವರ ಕಡೆ ತಿರುಗಿ ಮ್ಯಾನೇಜರಮ್ಮ, ಎಲ್ಲರೂ ಈ ಮೇಡಂ ಥರ ಹುಷಾರಾಗಿರಬೇಕು ಅಂದರು. ಎಲ್ಲರೂ ಅತ್ತೆಯನ್ನು ಮೆಚ್ಚಿ ನೋಡಿದರು. ಆಮೇಲೆ, ಯಾರಿಂದ ಹುಷಾರು ಎಂದು ತಿಳಿಯಲು ನನ್ನನ್ನು ನೋಡಿದರು.

"ಈ ಸೌಲಭ್ಯ ಇರಲಿ, ಚೆನ್ನಾಗೈತೆ," ಅಂದರು ಅತ್ತೆ, ಹೊರಗೆ ಬಂದ ಮೇಲೆ. "ಬೇಜಾರು ಮಾಡ್ಕೋಬೇಡಿ. ನೀವು ಹೇಳಿದ್ದನ್ನೇ ಮಾಡಿದೆ."

ನಿಜವಾಗಿ ಬೇಜಾರಾಗಿತ್ತು. ಆದರೆ ತಪ್ಪು ಹುಡುಕೋಣವೆಂದರೆ ಅವರು ಮಾಡಿದ್ದರಲ್ಲಿ ಒಂದೂ ಸಿಗಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಹೆಂಡತಿ ನಕ್ಕು ಮುಗಿಸಿ, "ನಮ್ಮ ಅಕೌಂಟಲ್ಲಿ ಈ ಸೌಲಭ್ಯ ಯಾವಾಗಿಂದ ಇದೆ ರೀ?" ಎಂದು ಕೇಳಿದಳು. ಇರಲಿಲ್ಲ. ನನ್ನ ಸಂಬಳ ವರ್ಷಗಳಿಂದ ಅದೇ ಕಡಿಮೆ ಬಡ್ಡಿಯಲ್ಲಿ ಬಿದ್ದಿತ್ತು. ಬೇರೆಯವರ ಖಾತೆ ನೋಡುವುದರಲ್ಲಿ ನನ್ನದನ್ನು ನೋಡಲು ಪುರುಸೊತ್ತಾಗಿರಲಿಲ್ಲ. ಪಾಸ್‌ವರ್ಡ್ ಏನೆಂದು ಕೇಳಿದಳು. ಅದು ಅವಳದೇ ಹೆಸರು ಎಂದೆ. ಅವಳಿಗೆ ಸಂತೋಷವಾಗಲಿಲ್ಲ.

ಮುಂದಿನ ಶನಿವಾರ ಅತ್ತೆ ಚಿಕ್ಕಬಳ್ಳಾಪುರಕ್ಕೆ ಬಂದರು. ತಾಯಿ ಮಗಳು ಕೂತು ನಮ್ಮ ಖಾತೆಗೂ ಆ ಸೌಲಭ್ಯಕ್ಕೆ ಅರ್ಜಿ ಹಾಕಿಸಿದರು. ಹೊಸ ಪಾಸ್‌ವರ್ಡ್ ಹಾಕುವ ಹೊತ್ತಿಗೆ ಅತ್ತೆ, "ಒಂದು ನಿಮಿಷ ಆ ಕಡೆ ಹೋಗಿರ್ತೀರಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಖಾತೆ ನನ್ನದು ಎಂದು ಹೇಳಬೇಕೆನಿಸಿತು. ಹೇಳದೆ ಎದ್ದು ಹೋಗಿ ಹೊರಗಿನ ಜಗಲಿಯ ಮೇಲೆ ಕೂತೆ.